ರಾಣಿಯ ಹೆಸರು ಹೊತ್ತ ಬಡವರ ರೊಟ್ಟಿ

ಪಿಜ್ಜಾ ಈಗ ನಮ್ಮ ಸಣ್ಣ ಊರುಗಳ ಬೇಕರಿಗಳಲ್ಲೂ ಸಿಗುವ ತಿನಿಸು. ಅದರ ಹತ್ತಾರು ಬಗೆಗಳಲ್ಲಿ ತೀರ ಸರಳವಾದುದು ‘ಮಾರ್ಗರಿಟಾ’. ಟೊಮೆಟೊ, ಮೊಜರೆಲ್ಲಾ ಎಂಬ ಮೆದುವಾದ ಚೀಸ್, ನಾಲ್ಕಾರು ಬೇಸಿಲ್ ಎಲೆ, ಸ್ವಲ್ಪ ಆಲಿವ್ ಎಣ್ಣೆ. ಇಷ್ಟೇ ಅದರ ಮೇಲಿನ ಸಾಮಗ್ರಿ. ಈ ಹೆಸರಿನ ಹಿಂದೆ ಒಂದು ಸೊಗಸಾದ ಕಥೆಯಿದೆ. ಅಡುಗೆ ಪುಸ್ತಕಗಳಲ್ಲೂ ಪ್ರವಾಸಿ ಕೈಪಿಡಿಗಳಲ್ಲೂ ಅದು ಮತ್ತೆ ಮತ್ತೆ ಬರುತ್ತದೆ.

1889ರಲ್ಲಿ ಇಟಲಿಯ ದೊರೆ ಒಂದನೆಯ ಉಂಬೆರ್ಟೊ ಮತ್ತು ರಾಣಿ ಮಾರ್ಗರಿಟಾ ನೇಪಲ್ಸ್ ನಗರಕ್ಕೆ ಬಂದಿದ್ದರಂತೆ. ಅರಮನೆಯ ಫ್ರೆಂಚ್ ಮಾದರಿಯ ಊಟದಿಂದ ಬೇಸತ್ತ ರಾಣಿ ಆ ಊರಿನ ತಿಂಡಿಯ ರುಚಿ ನೋಡಲು ಬಯಸಿದಳಂತೆ. ರಫಾಯೆಲೆ ಎಸ್ಪೊಸಿಟೊ ಎಂಬ ಪಿಜ್ಜಾ ತಯಾರಕನಿಗೆ ಕರೆ ಹೋಯಿತು. ಆತ ಮಾಡಿದ ಮೂರು ಬಗೆಗಳಲ್ಲಿ ರಾಣಿ ಮೆಚ್ಚಿದ್ದು ಟೊಮೆಟೊದ ಕೆಂಪು, ಮೊಜರೆಲ್ಲಾದ ಬಿಳಿ, ಬೇಸಿಲ್‌ನ ಹಸಿರು ಸೇರಿದ್ದನ್ನು. ಮೂರೂ ಸೇರಿದರೆ ಇಟಲಿಯ ಬಾವುಟ! ಎಸ್ಪೊಸಿಟೊ ಅದಕ್ಕೆ ರಾಣಿಯ ಹೆಸರನ್ನೇ ಇಟ್ಟ. 1889ರ ಜೂನ್ 11ರ ದಿನಾಂಕವಿರುವ ಅರಮನೆಯ ಮೆಚ್ಚುಗೆ ಪತ್ರವೊಂದು ನೇಪಲ್ಸ್‌ನ ಬ್ರಾಂಡಿ ಪಿಜ್ಜಾ ಅಂಗಡಿಯಲ್ಲಿ ಈ ಕಥೆಗೆ ಸಾಕ್ಷಿಯಾಗಿ ನಿಂತಿದೆ.

ಆದರೆ ಸಾಕ್ಷಿಯೇ ಗಟ್ಟಿಯಾಗಿಲ್ಲ. ರಾಣಿಗಾಗಿ ಮಾಡಿದ ಮೂರು ಬಗೆಯ ಪಿಜ್ಜಾ ಚೆನ್ನಾಗಿದ್ದವು ಎಂದಷ್ಟೇ ಪತ್ರ ಹೇಳುತ್ತದೆ; ಮಾರ್ಗರಿಟಾ ಎಂಬ ಹೊಸ ತಿನಿಸಿನ ಮಾತೇ ಅದರಲ್ಲಿಲ್ಲ. ಅಮೆರಿಕದ ಇತಿಹಾಸಕಾರ ಜಕಾರಿ ನೋವಾಕ್ 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪತ್ರದ ಮುದ್ರೆಯನ್ನೂ ಕೈಬರಹವನ್ನೂ ಅರಮನೆಯ ಇತರ ಕಾಗದಗಳೊಂದಿಗೆ ಹೋಲಿಸಿದರು. ಅವು ತಾಳೆಯಾಗುವುದಿಲ್ಲ, ಪತ್ರ ನಂತರದ ಕಾಲದ ಸೃಷ್ಟಿಯಾಗಿರಬೇಕು ಎಂಬುದು ಅವರ ವಾದ. ಇನ್ನೊಂದು ಪುರಾವೆ ಇದಕ್ಕಿಂತ ನೇರವಾದುದು. 1866ರ ಹೊತ್ತಿಗೆ ಮುದ್ರಣ ಮುಗಿದಿದ್ದ ‘ನೇಪಲ್ಸ್‌ನ ರೂಢಿಗಳು ಮತ್ತು ಆಚಾರಗಳು’ ಎಂಬ ಗ್ರಂಥದಲ್ಲಿ ಎಮಾನುಯೆಲೆ ರೊಕ್ಕೊ ಊರಿನ ಪಿಜ್ಜಾಗಳನ್ನು ವರ್ಣಿಸಿದ್ದಾನೆ. ಬೇಸಿಲ್ ಎಲೆ, ಮೊಜರೆಲ್ಲಾ ಹೋಳು, ಟೊಮೆಟೊ ಎಲ್ಲವೂ ಆ ವರ್ಣನೆಯಲ್ಲಿವೆ. ರಾಣಿ ತಿಂದಳೆನ್ನುವುದಕ್ಕೆ ಎರಡು ದಶಕ ಮೊದಲೇ ನೇಪಲ್ಸ್‌ನ ಬೀದಿಯ ಜನ ಇವನ್ನೆಲ್ಲ ರೊಟ್ಟಿಯ ಮೇಲೆ ಹಾಕಿ ತಿನ್ನುತ್ತಿದ್ದರು.

ಪಿಜ್ಜಾ ಎಂಬ ಹೆಸರಂತೂ ಇನ್ನೂ ಹಳೆಯದು. ನೇಪಲ್ಸ್‌ನ ಉತ್ತರಕ್ಕಿರುವ ಗಯೇಟಾ ಎಂಬ ಊರಿನ ಕ್ರಿ.ಶ. 997ರ ದಾಖಲೆಯೊಂದರಲ್ಲಿ ಬಿಷಪ್ಪರಿಗೆ ಸಲ್ಲಿಸಬೇಕಾದ ಕಾಣಿಕೆಗಳ ಪೈಕಿ 12 ಪಿಜ್ಜಾಗಳೂ ಇವೆ. ಆಗ ಅದರ ಮೇಲೆ ಟೊಮೆಟೊ ಇರಲು ಸಾಧ್ಯವೇ ಇಲ್ಲ. ಟೊಮೆಟೊ ಅಮೆರಿಕ ಖಂಡದ ಬೆಳೆ. ನಮ್ಮ ಮೆಣಸಿನಕಾಯಿಯಂತೆಯೇ ಅದೂ ಕೊಲಂಬಸ್ಸನ ನಂತರ ಹೊರಗಿನ ಲೋಕಕ್ಕೆ ಬಂತು. ನೇಪಲ್ಸ್ ಆಗ ಸ್ಪೇನಿನ ಆಳ್ವಿಕೆಯಲ್ಲಿತ್ತು. 1690ರ ದಶಕದಲ್ಲಿ ಅಲ್ಲಿ ಅಚ್ಚಾದ ಆಂಟೊನಿಯೊ ಲತೀನಿಯ ಅಡುಗೆ ಪುಸ್ತಕದಲ್ಲಿ ‘ಸ್ಪ್ಯಾನಿಷ್ ರೀತಿಯ’ ಟೊಮೆಟೊ ಸಾಸ್ ಕಾಣಿಸಿಕೊಳ್ಳುತ್ತದೆ. ಹೊಟ್ಟೆ ತುಂಬಿಸುವ ಅಗ್ಗದ ರೊಟ್ಟಿಯೂ ಅಗ್ಗದ ಟೊಮೆಟೊವೂ ಬಡವರ ಕೈಯಲ್ಲಿ ಒಂದಾದವು.

ಎಷ್ಟು ಅಗ್ಗ? ಮತಿಲ್ಡೆ ಸೆರಾವೊ ಎಂಬ ಪತ್ರಕರ್ತೆ 1884ರಲ್ಲಿ ಬರೆದ ‘ನೇಪಲ್ಸ್‌ನ ಹೊಟ್ಟೆ’ ಎಂಬ ಪುಸ್ತಕದ ಪ್ರಕಾರ, ಒಂದು ಸೋಲ್ಡೊ ಎಂಬ ಸಣ್ಣ ನಾಣ್ಯಕ್ಕೆ ಒಂದು ತುಂಡು ಸಿಗುತ್ತಿತ್ತು. ಕೂಲಿಯವರಿಗೂ ಶಾಲೆಗೆ ಹೋಗುವ ಮಕ್ಕಳಿಗೂ ಅದೇ ನಾಷ್ಟಾ. ಆ ನಾಣ್ಯವೂ ಇಲ್ಲದವರಿಗೆ ಸಾಲದ ವ್ಯವಸ್ಥೆಯಿತ್ತು: ಇಂದು ತಿನ್ನಿ, ಎಂಟು ದಿನ ಬಿಟ್ಟು ಹಣ ಕೊಡಿ. ಇದನ್ನು ‘ಇಂದಿನಿಂದ ಎಂಟಕ್ಕೆ’ ಎನ್ನುತ್ತಿದ್ದರು. ಫ್ರಾನ್ಸಿನ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ತನ್ನ ಪ್ರವಾಸ ಕಥನದಲ್ಲಿ ಇದನ್ನು ಎಂಟು ದಿನ ಹಳಸಿದ ಪಿಜ್ಜಾ ಎಂದು ಬರೆದುಬಿಟ್ಟ! ಊರಿನ ಸಾಲದ ಲೆಕ್ಕ ಆ ಶ್ರೀಮಂತ ಪ್ರವಾಸಿಗೆ ತಿಳಿಯಲಿಲ್ಲ. 1954ರಲ್ಲಿ ಬಂದ ವಿತ್ತೋರಿಯೊ ಡಿ ಸಿಕಾ ಅವರ ‘ನೇಪಲ್ಸ್‌ನ ಚಿನ್ನ’ ಚಿತ್ರದಲ್ಲಿ ಸೋಫಿಯಾ ಲೊರೆನ್ ಎಣ್ಣೆಯಲ್ಲಿ ಕರಿದ ಪಿಜ್ಜಾ ಮಾರುವುದು ಇದೇ ಸಾಲದ ಕ್ರಮದಲ್ಲಿ.

ಬಡವರ ತಿಂಡಿಯೆಂಬ ಕಾರಣಕ್ಕೇ ಪಿಜ್ಜಾಕ್ಕೆ ಸಿಕ್ಕಿದ್ದು ಗೌರವವಲ್ಲ, ಅಸಹ್ಯ. ನೇಪಲ್ಸ್ ಕಂಡ ಸ್ಯಾಮ್ಯುಯೆಲ್ ಮೋರ್ಸ್ (ಮುಂದೆ ತಂತಿ ಸಂದೇಶದ ಮೋರ್ಸ್ ಸಂಕೇತದಿಂದ ಹೆಸರಾದವನು) ಅದನ್ನು ಚರಂಡಿಯಿಂದ ಎತ್ತಿದ ರೊಟ್ಟಿಗೆ ಹೋಲಿಸಿದ. ‘ಪಿನೋಕಿಯೊ’ ಬರೆದ ಕಾರ್ಲೊ ಕೊಲ್ಲೊಡಿ ಇಟಲಿಯವನೇ ಆದರೂ ಉತ್ತರದ ಫ್ಲಾರೆನ್ಸಿನವನು. ಮಕ್ಕಳಿಗಾಗಿ ಬರೆದ ಪ್ರವಾಸ ಪುಸ್ತಕದಲ್ಲಿ ಅವನೂ ಪಿಜ್ಜಾದ ಜಿಡ್ಡು ಕೊಳಕನ್ನು ಮಾರುವವನ ಕೊಳಕಿಗೆ ಹೋಲಿಸಿದ. ನೇಪಲ್ಸ್‌ನವನೊಬ್ಬ ರೋಮ್‌ನಲ್ಲಿ ಪಿಜ್ಜಾ ಅಂಗಡಿ ತೆರೆದು ಸೋತ ಕಥೆಯನ್ನು ಸೆರಾವೊ ಹೇಳುತ್ತಾಳೆ.

ಹಾಗಾದರೆ ರಾಣಿಯ ಕಥೆ ಇಷ್ಟು ಬೇರೂರಿದ್ದೇಕೆ? ಅದಕ್ಕೆ ಆ ಕಾಲದ ರಾಜಕೀಯವನ್ನು ನೋಡಬೇಕು. ನೇಪಲ್ಸ್ 1860ರವರೆಗೆ ಸ್ವತಂತ್ರ ರಾಜ್ಯವೊಂದರ ರಾಜಧಾನಿ. 1861ರಲ್ಲಿ ಇಟಲಿ ಒಂದಾದಾಗ ಉತ್ತರದ ಟ್ಯುರಿನ್ ಮೂಲದ ಸವಾಯ್ ಮನೆತನ ಆಳತೊಡಗಿತು. ಉಂಬೆರ್ಟೊ ಪಟ್ಟಕ್ಕೆ ಬಂದ 1878ರಲ್ಲಿ ನೇಪಲ್ಸ್‌ನಲ್ಲೇ ಅವನ ಮೇಲೆ ಚಾಕುವಿನ ದಾಳಿ ನಡೆಯಿತು. 1884ರ ಕಾಲರಾಕ್ಕೆ ಆ ನಗರದ ಸಾವಿರಾರು ಜನ, ಬಹುಪಾಲು ಬಡ ಕೇರಿಗಳವರು, ಬಲಿಯಾದರು. ಅಂತಹ ಊರಿನ ಬೀದಿ ತಿಂಡಿಯನ್ನು ಉತ್ತರದ ರಾಣಿ ಬಾಯಿಗಿಟ್ಟಳು, ಅದರಲ್ಲಿ ದೇಶದ ಬಾವುಟವೂ ಇತ್ತು ಎಂಬ ಕಥೆ ಎಲ್ಲರಿಗೂ ಹಿತವಾಗಿತ್ತು. ಕೊಳಕೆಂದು ಹಳಿಸಿಕೊಂಡ ತಿಂಡಿಗೆ ಮಾನ ಬಂತು; ಅರಮನೆ ಜನರ ಹತ್ತಿರ ಬಂದಂತೆ ಕಂಡಿತು. ಆದರೆ ಈ ಕಥೆಯಲ್ಲಿ ಅದನ್ನು ನಿಜವಾಗಿ ರೂಪಿಸಿದ ಹೆಸರಿಲ್ಲದ ಜನ ಮರೆಯಾದರು.

ಆ ಕೊರತೆ ಇತ್ತೀಚೆಗೆ ಸ್ವಲ್ಪ ತುಂಬಿದೆ. 2017ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದ್ದು ನೇಪಲ್ಸ್‌ನ ಪಿಜ್ಜಾ ತಯಾರಕರ ಕಸುಬನ್ನು. ಅಲ್ಲಿ ರಾಣಿಗಿಂತ ಕೈಗೆ ಮರ್ಯಾದೆ. 2010ರಲ್ಲಿ ಯುರೋಪ್ ಒಕ್ಕೂಟವು ನೇಪಲ್ಸ್ ಪಿಜ್ಜಾದ ಸಾಂಪ್ರದಾಯಿಕ ವಿಧಾನವನ್ನು ನಿಯಮವಾಗಿ ದಾಖಲಿಸಿತು. ಒಂದು ಲೀಟರ್ ನೀರಿಗೆ ಸುಮಾರು 1.8 ಕಿಲೊ ಹಿಟ್ಟು, 50 ರಿಂದ 55 ಗ್ರಾಂ ಉಪ್ಪು, ಕೇವಲ 3 ಗ್ರಾಂ ಹಸಿ ಯೀಸ್ಟ್. 485 ಡಿಗ್ರಿ ಸೆಲ್ಸಿಯಸ್‌ನ ಸೌದೆ ಒಲೆಯಲ್ಲಿ 60 ರಿಂದ 90 ಸೆಕೆಂಡ್.

ಮನೆಯಲ್ಲಿ ಮಾಡಿ ನೋಡುವವರಿಗೆ ಈ ಲೆಕ್ಕದಲ್ಲೇ ಗುಟ್ಟಿದೆ. ಅರ್ಧ ಕಿಲೊ ಮೈದಾಕ್ಕೆ 280 ಮಿಲಿಲೀಟರ್‌ನಷ್ಟು ನೀರು, ಎರಡೂವರೆ ಚಮಚ ಉಪ್ಪು, ಒಂದು ಚಿಟಿಕೆ ಒಣ ಯೀಸ್ಟ್ ಸಾಕು. ಚೆನ್ನಾಗಿ ನಾದಿ, ಇಡ್ಲಿ ಹಿಟ್ಟಿನಂತೆ ರಾತ್ರಿಯೆಲ್ಲ ಹುದುಗಲು ಬಿಡಬೇಕು. ಯೀಸ್ಟ್ ಹೆಚ್ಚು ಹಾಕಿದರೆ ಬೇಗ ಉಬ್ಬುತ್ತದೆ, ರುಚಿ ಬರುವುದಿಲ್ಲ. ಉಂಡೆಯನ್ನು ಬೆರಳಿನಿಂದ ತಟ್ಟಿ ಅಗಲಿಸಬೇಕು. ಲಟ್ಟಣಿಗೆ ಹಾಕಿದರೆ ಒಳಗಿನ ಗಾಳಿ ಹೊರಟುಹೋಗಿ ಅಂಚು ಉಬ್ಬುವುದಿಲ್ಲ. ಟೊಮೆಟೊವನ್ನು ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ಸುಲಿದು, ಬೇಯಿಸದೆ ಕೈಯಿಂದ ಹಿಸುಕಿ ಉಪ್ಪು ಬೆರೆಸಿದರೆ ಅದೇ ಸಾಸ್. ಬೇಸಿಲ್ ಎಂದರೆ ನಮ್ಮ ಕಾಮಕಸ್ತೂರಿಯ ಜಾತಿಯ ಗಿಡವೇ. ಮೊಜರೆಲ್ಲಾ ಬದಲು ಪನೀರ್ ಹಾಕಿದರೆ ಮಾತ್ರ ಅದು ಕರಗದು.

ಮನೆಯ ಓವನ್ನಿನಲ್ಲಿ 485 ಡಿಗ್ರಿ ಬರುವುದಿಲ್ಲ. ದಪ್ಪ ಕಬ್ಬಿಣದ ಕಾವಲಿಯನ್ನು ಹೊಗೆಯಾಡುವಷ್ಟು ಕಾಯಿಸಿ, ಒಂದು ಬದಿ ಬೇಯಿಸಿ, ಮಗುಚಿ, ಮೇಲೆ ಸಾಮಗ್ರಿ ಹರಡಿ, ಉರಿ ತಗ್ಗಿಸಿ ಮುಚ್ಚಳ ಹಾಕಿದರೆ ಚೀಸ್ ಕರಗುತ್ತದೆ. ನೇಪಲ್ಸ್‌ನ ನಿಯಮಕ್ಕೆ ಅದು ಒಪ್ಪಿಗೆಯಾಗದಿರಬಹುದು. ಆದರೆ ಇದ್ದುದರಲ್ಲೇ ಬಿಸಿಬಿಸಿ ರೊಟ್ಟಿ ಮಾಡಿ, ಮೇಲೊಂದಿಷ್ಟು ಟೊಮೆಟೊ ಹಚ್ಚಿ ಹಸಿದವರ ಕೈಗಿತ್ತ ಆ ಊರಿನ ಹಳೆಯ ಬೀದಿಯವರು ಬೇಡವೆನ್ನಲಿಕ್ಕಿಲ್ಲ.