ಸ್ಥಗಿತಗೊಂಡ ಕಲ್ಲುಗಣಿಗಳ ಪುನಶ್ಚೇತನ ಮತ್ತು ಪಕ್ಷಿ ವೀಕ್ಷಣೆ – ಕೊಪ್ಪಳ ಜಿಲ್ಲೆ

ಪೀಠಿಕೆ
1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯು ಮೂಲತಃ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಒಳಗೊಂಡಿತ್ತು. ಆನೆಗೊಂದಿಯ ಬಂಡೆಗುಡ್ಡಗಳು ಹಾಗೂ ಕುಷ್ಟಗಿ–ಇಳಕಲ್ ಪರಿಸರದ ಕೆಂಪು ಗ್ರಾನೈಟ್ ಈ ಭಾಗದಲ್ಲಿ ಹೆಸರಾಗಿವೆ. ಗಣಿಗಾರಿಕೆ ನಿಂತ ನಂತರ ಕಡಿದಾದ ಬಂಡೆಗೋಡೆ, ನೀರು ನಿಂತ ಗುಂಡಿ ಮತ್ತು ಕಲ್ಲುಚೂರಿನ ದಿಬ್ಬ ಉಳಿಯುತ್ತವೆ. ಇವುಗಳನ್ನು ಸುರಕ್ಷಿತಗೊಳಿಸಿ ಮತ್ತೆ ಜೀವಯೋಗ್ಯವಾಗಿಸುವುದೇ ಪುನಶ್ಚೇತನ.

ಕಾನೂನಿನ ಅವಕಾಶಗಳು
ಗ್ರಾನೈಟ್ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು, 1999ರ ಪ್ರಕಾರ ಗುತ್ತಿಗೆದಾರರು ಮೇಲ್ಮಣ್ಣನ್ನು ಪ್ರತ್ಯೇಕವಾಗಿ ತೆಗೆದು ಬಳಸತಕ್ಕದ್ದು. ಗಣಿಯನ್ನು ತೊರೆಯುವ ಮೊದಲೇ ಭೂಮಿಯ ಪುನಶ್ಚೇತನವನ್ನು ಹಂತ ಹಂತವಾಗಿ ಪೂರ್ಣಗೊಳಿಸತಕ್ಕದ್ದು. ಗಣಿಗಾರಿಕೆ ಮುಗಿದ ಪ್ರದೇಶದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು, ಸಸ್ಯ ಹಾಗೂ ಪ್ರಾಣಿಗಳಿಗೆ ಯೋಗ್ಯವಾಗಿಸುವ ಷರತ್ತನ್ನು ವಿಧಿಸುವಂತೆ ಸರ್ವೋಚ್ಚ ನ್ಯಾಯಾಲಯವು 8-1-2020ರಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿದೆ.

ಭೂದೃಶ್ಯ ಮತ್ತು ಪಕ್ಷಿಗಳು
ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಪುನಶ್ಚೇತನವೆಂದರೆ ಕೇವಲ ಸಸಿ ನೆಡುವುದಲ್ಲ. ಹುಲ್ಲು, ಬಂಡೆ ಮತ್ತು ನೀರು ಈ ಮೂರಕ್ಕೂ ಅವುಗಳದೇ ಪಕ್ಷಿಗಳಿವೆ.
1. ಬಂಡೆಗೋಡೆ: ಕೊಂಬಿನ ಗೂಬೆಯು ಗೋಡೆಯ ಚಾಚುಗಳಲ್ಲಿ ಮೊಟ್ಟೆಯಿಡುತ್ತದೆ. ಹೊಲಗಳ ಇಲಿಗಳು ಇದರ ಮುಖ್ಯ ಆಹಾರವಾಗಿದ್ದು, ರೈತರಿಗೆ ಉಪಕಾರಿಯಾಗಿದೆ. ಗೋಡೆಯನ್ನೆಲ್ಲ ಒಡೆದು ಮಟ್ಟಮಾಡಿದಲ್ಲಿ ಈ ನೆಲೆ ಇಲ್ಲವಾಗುತ್ತದೆ.
2. ನೀರಿನ ಗುಂಡಿ: ಮಿಂಚುಳ್ಳಿ, ಗುಳುಮುಳುಕ.
3. ಹುಲ್ಲು ಮತ್ತು ಕುರುಚಲು: ನೆಲಗುಬ್ಬಿ, ಟಿಟ್ಟಿಭ, ಕೌಜುಗ, ಹಾಗೂ ರಾಜ್ಯ ಪಕ್ಷಿಯಾದ ನೀಲಕಂಠ.
ಬಳ್ಳಾರಿ ಜಾಲಿಯು ಹಬ್ಬಿದಲ್ಲಿ ಹುಲ್ಲು ನಶಿಸಿ, ನೆಲದ ಮೇಲೆ ಗೂಡು ಕಟ್ಟುವ ಪಕ್ಷಿಗಳೂ ಕುರಿಗಳ ಮೇವೂ ಕಡಿಮೆಯಾಗುತ್ತವೆ. ಆದ್ದರಿಂದ ಸ್ಥಳೀಯ ಹುಲ್ಲು, ಬಾರೆ, ತಂಗಡಿ ಹಾಗೂ ಬೇವಿಗೆ ಆದ್ಯತೆ ನೀಡುವುದು ಸೂಕ್ತ.

ಪಕ್ಷಿ ವೀಕ್ಷಕರ ಗಮನಕ್ಕೆ
- ಗುತ್ತಿಗೆ ಪ್ರದೇಶವನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದು.
- ಗಣಿಗುಂಡಿಗಳ ಆಳ ಮೇಲಿನಿಂದ ತಿಳಿಯುವುದಿಲ್ಲ ಮತ್ತು ಅಂಚುಗಳು ಸಡಿಲವಾಗಿರುತ್ತವೆ. ನೀರಿಗೆ ಇಳಿಯಬಾರದು, ಮಕ್ಕಳನ್ನು ಅಂಚಿನಿಂದ ದೂರವಿಡತಕ್ಕದ್ದು.
- ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅಡಿಯಲ್ಲಿ ಸಂರಕ್ಷಿತ ಪಕ್ಷಿಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡು ಕದಡುವುದು ಸಹ ಬೇಟೆ ಎಂದೇ ಪರಿಗಣಿಸಲ್ಪಡುತ್ತದೆ. ಕೊಂಬಿನ ಗೂಬೆಯು ಗೂಡಿನಲ್ಲಿರುವ ನವೆಂಬರ್‌ನಿಂದ ಏಪ್ರಿಲ್‌ವರೆಗೆ ದೂರದಿಂದಲೇ ವೀಕ್ಷಿಸತಕ್ಕದ್ದು.

ಮಾಹಿತಿ ಪಡೆಯುವ ವಿಧಾನ
ಗ್ರಾಮದ ಕಲ್ಲುಗಣಿಗೆ ಸಂಬಂಧಿಸಿದ ಅನುಮೋದಿತ ಯೋಜನೆ ಹಾಗೂ ಪುನಶ್ಚೇತನದ ಷರತ್ತುಗಳ ಪ್ರತಿಯನ್ನು ಸಾರ್ವಜನಿಕರು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೋರಬಹುದಾಗಿದೆ. ಅರ್ಜಿಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸಲ್ಲಿಸುವುದು. ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿದ್ದು, 150 ಪದಗಳನ್ನು ಮೀರಬಾರದು. ಶುಲ್ಕ ರೂ. 10, ಬಡತನ ರೇಖೆಗಿಂತ ಕೆಳಗಿರುವವರಿಗೆ ವಿನಾಯಿತಿ ಇದೆ. ಉತ್ತರ ನೀಡುವ ಅವಧಿ 30 ದಿನಗಳು. ಗ್ರಾಮದ ಹೆಸರು ಮತ್ತು ಸರ್ವೆ ನಂಬರನ್ನು ಅರ್ಜಿಯಲ್ಲಿ ತಪ್ಪದೆ ನಮೂದಿಸುವುದು.