ಬೇಗಮ್ ಬರ್ವೆ

ಬೇಗಮ್ ಬರ್ವೆ : ಸತೀಶ ಆಳೇಕರ ಬರೆದು ನಿರ್ದೇಶಿಸಿದ ಮರಾಠಿ ನಾಟಕ. ಪುಣೆಯ ಥಿಯೇಟರ್ ಅಕಾಡೆಮಿ ಇದನ್ನು 1979ರಲ್ಲಿ ರಂಗಕ್ಕೆ ತಂದಿತು. ಪಾತ್ರಗಳು ನಾಲ್ಕೇ, ನಾಲ್ವರೂ ಗಂಡಸರು: ಹಿಂದೆ ಕಂಪನಿ ನಾಟಕಗಳಲ್ಲಿ ಸಣ್ಣಪುಟ್ಟ ಹೆಣ್ಣುವೇಷ ಹಾಕುತ್ತಿದ್ದು ಈಗ ಊದುಬತ್ತಿ ಮಾರುವ ಬರ್ವೆ, ಅವನ ದುಡಿಮೆಯನ್ನು ತಿನ್ನುವ ಶ್ಯಾಮರಾವ್, ಕಚೇರಿಯ ಸಹೋದ್ಯೋಗಿಯೊಬ್ಬಳನ್ನು ಒಳಗೊಳಗೇ ಪ್ರೀತಿಸುವ ಗುಮಾಸ್ತ ಜಾವಡೇಕರ, ಅವನ ಜೊತೆಗಾರ ಬಾವಡೇಕರ. ಕೈಗೆಟುಕದ ಪ್ರೀತಿಯ ಜಾಗದಲ್ಲಿ ಕೈಗೆ ಸಿಕ್ಕವರನ್ನು ನಿಲ್ಲಿಸಿಕೊಳ್ಳುವುದು, ಹಾಗೆ ನಿಂತವರೂ ಆ ನೆಪದಲ್ಲೇ ತಮ್ಮ ಆಸೆ ತೀರಿಸಿಕೊಳ್ಳುವುದು ನಾಟಕದ ವಸ್ತು.

ಕರ್ತೃ ಮತ್ತು ತಂಡ

ಆಳೇಕರ ಹುಟ್ಟಿದ್ದು 1949ರಲ್ಲಿ ದೆಹಲಿಯಲ್ಲಿ, ಬೆಳೆದದ್ದು ಪುಣೆಯಲ್ಲಿ. ಜೀವರಸಾಯನ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಅದೇ ಊರಿನ ಬಿ.ಜೆ. ಮೆಡಿಕಲ್ ಕಾಲೇಜಿನಲ್ಲಿ ಉದ್ಯೋಗದಲ್ಲಿದ್ದರು. ವಿಜಯ ತೆಂಡೂಲ್ಕರರ 'ಘಾಶೀರಾಮ ಕೋತವಾಲ' 1972ರ ಡಿಸೆಂಬರ್ 16ರಂದು ಪುಣೆಯಲ್ಲಿ ಮೊದಲ ಪ್ರಯೋಗ ಕಂಡಾಗ ನಿರ್ದೇಶಕ ಜಬ್ಬಾರ್ ಪಟೇಲರಿಗೆ ಸಹಾಯಕರಾಗಿದ್ದರು. ಆ ನಾಟಕ ಎಬ್ಬಿಸಿದ ವಿವಾದದಿಂದ ಅದನ್ನು ಆಡಿದ್ದ ತಂಡ ಒಡೆಯಿತು. ಹೊರಬಂದ ಪಟೇಲ್, ಆಳೇಕರ, ಮೋಹನ ಆಗಾಶೆ ಮತ್ತಿತರರು 1973ರಲ್ಲಿ ಥಿಯೇಟರ್ ಅಕಾಡೆಮಿಯನ್ನು ಕಟ್ಟಿದರು. ಆಳೇಕರರ 'ಮಹಾನಿರ್ವಾಣ' (1974) ಈ ತಂಡದಿಂದಲೇ ಬಂತು. ಮುಂದೆ ಅವರು ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರದ ಮುಖ್ಯಸ್ಥರಾದರು; 2012ರಲ್ಲಿ ಪದ್ಮಶ್ರೀ ಪಡೆದರು.

ಹಿನ್ನೆಲೆ: ಸಂಗೀತ ನಾಟಕದ ಯುಗ

ನಾಟಕದ ಒಳಗನ್ನು ಕಾಣಲು ಮರಾಠಿ ಸಂಗೀತ ನಾಟಕದ ಪರಂಪರೆ ತಿಳಿದಿರಬೇಕು. ಅದರ ಬೇರು ಕನ್ನಡ ನೆಲಕ್ಕೂ ಚಾಚಿದೆ. ಈ ಪ್ರಕಾರವನ್ನು ನೆಲೆಗೊಳಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ 'ಶಾಕುಂತಲ' 1880ರಲ್ಲಿ ಪುಣೆಯಲ್ಲಿ ಪ್ರದರ್ಶನಗೊಂಡಿತು. ಕೇಶವರಾವ್ ಭೋಸಲೆ ತಮ್ಮ 'ಲಲಿತಕಲಾದರ್ಶ' ಮಂಡಳಿಯನ್ನು 1908ರಲ್ಲಿ ಆರಂಭಿಸಿದ್ದು ಹುಬ್ಬಳ್ಳಿಯಲ್ಲಿ.

ಹೆಂಗಸರು ರಂಗವೇರದ ಆ ಕಾಲದಲ್ಲಿ ನಾಯಕಿಯ ಪಟ್ಟ ಗಂಡಸರದೇ. ಅವರಲ್ಲಿ ಅಗ್ರಗಣ್ಯರು ಬಾಲಗಂಧರ್ವರೆಂದು ಹೆಸರಾದ ನಾರಾಯಣ ಶ್ರೀಪಾದ ರಾಜಹಂಸ (1888–1967). ಅವರು ಸೀರೆ ಉಡುವ ಬಗೆಯನ್ನು, ಮುಡಿಯುವ ಬಗೆಯನ್ನು ಮನೆಮನೆಯ ಹೆಂಗಸರು ಅನುಕರಿಸಿದರು. 1913ರಲ್ಲಿ ಹುಟ್ಟಿದ ಗಂಧರ್ವ ನಾಟಕ ಮಂಡಳಿ 'ಸ್ವಯಂವರ', 'ಏಕಚ ಪ್ಯಾಲಾ' ಮುಂತಾದ ನಾಟಕಗಳಿಂದ ಮನೆಮಾತಾಯಿತು. 1930ರ ದಶಕದಲ್ಲಿ ಟಾಕಿ ಚಿತ್ರಗಳು ಬಂದ ಮೇಲೆ ಕಂಪನಿಗಳು ಕುಸಿದವು. ಪುಣೆಗೆ ಸ್ಥಳಾಂತರಗೊಂಡಿದ್ದ ಪ್ರಭಾತ್ ಫಿಲ್ಮ್ ಕಂಪನಿಯ 'ಧರ್ಮಾತ್ಮಾ' (1935) ಚಿತ್ರದಲ್ಲಿ ಬಾಲಗಂಧರ್ವರು ಸಂತ ಏಕನಾಥರಾಗಿ, ಅಂದರೆ ಗಂಡುಪಾತ್ರದಲ್ಲಿ, ಕಾಣಿಸಿಕೊಂಡರು.

ಬೀಳಗಿಯಿಂದ ಬಂದ ಗಾಯಕಿ ಗೋಹರ್‌ಬಾಯಿ ಕರ್ನಾಟಕಿ, ಹಿನ್ನೆಲೆ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯ ಸೋದರಿ, ಬಾಲಗಂಧರ್ವರ ಗಾಯನಶೈಲಿಯನ್ನು ಕೇಳಿ ಕೇಳಿ ಮೈಗೂಡಿಸಿಕೊಂಡವರು. ನಂತರ ಅವರ ಕಂಪನಿ ಸೇರಿ ನಾಯಕಿಯಾದರು, ಬಾಳಿನಲ್ಲೂ ಸಂಗಾತಿಯಾದರು. ಹೆಣ್ಣಿನಂತೆ ಹಾಡಿದ ಗಂಡಿನಂತೆ ಹೆಣ್ಣೊಬ್ಬಳು ಹಾಡಿದ ಈ ಪ್ರಸಂಗ, ಮೂಲ ಯಾವುದು ನಕಲು ಯಾವುದು ಎಂಬ ಗೆರೆ ಸಂಗೀತ ನಾಟಕದ ಲೋಕದಲ್ಲಿ ಎಷ್ಟು ಮಸುಕಾಗಿತ್ತು ಎಂಬುದನ್ನು ತೋರಿಸುತ್ತದೆ. ಬರ್ವೆ ಬದುಕುವುದು ಆ ಮಸುಕಿನಲ್ಲೇ.

ಬಾಲಗಂಧರ್ವರು ಪುಣೆಯಲ್ಲಿ ತೀರಿಕೊಂಡರು. ಮರುವರ್ಷ, 1968ರಲ್ಲಿ, ಅವರ ಹೆಸರಿನ ರಂಗಮಂದಿರ ಅದೇ ಊರಿನ ಜಂಗಲಿ ಮಹಾರಾಜ ರಸ್ತೆಯಲ್ಲಿ ಬಾಗಿಲು ತೆರೆಯಿತು. ಮೇರುನಟರಿಗೆ ಸ್ಮಾರಕ ಸಿಕ್ಕಿತು. ಅವರ ಹಿಂದೆ ಸಖಿಯರಾಗಿ ಸಾಲುನಿಂತ ಸಣ್ಣ ನಟರ ಪಾಡೇನು ಎಂಬ ಪ್ರಶ್ನೆ ಉಳಿಯಿತು. ಹನ್ನೊಂದು ವರ್ಷಗಳ ನಂತರ ಬಂದ ಬೇಗಮ್ ಬರ್ವೆ ಆ ಸಾಲಿನಿಂದ ಒಬ್ಬನನ್ನು ಆರಿಸಿಕೊಂಡಿತು.

ಕಥಾಸಾರ

ಬರ್ವೆ ಎಂಬುದು ಮಹಾರಾಷ್ಟ್ರದ ಕೊಂಕಣಸ್ಥ ಬ್ರಾಹ್ಮಣರ ಮನೆತನದ ಹೆಸರು. ಅದರ ಹಿಂದೆ ಬೇಗಮ್ ಎಂಬ ಬಿರುದು ಸೇರಿದಾಗಲೇ ವ್ಯಂಗ್ಯ ಮತ್ತು ಮರುಕ ಎರಡೂ ಹುಟ್ಟುತ್ತವೆ. ಬರ್ವೆಗೆ ವಯಸ್ಸಾಗಿದೆ. ನಾಯಕಿಯ ಪಾತ್ರ ಎಂದೂ ಸಿಗಲಿಲ್ಲ, ಆದರೆ ನಾಯಕಿಯರ ಹಾಡುಗಳೆಲ್ಲ ಬಾಯಿಪಾಠ. ಶ್ಯಾಮರಾವ್ ಅವನಿಗೆ ತಳವೂರಲು ಜಾಗ ಕೊಟ್ಟು, ಊದುಬತ್ತಿ ಮಾರಲು ಕಳಿಸಿ, ಬಂದ ದುಡ್ಡು ಕಿತ್ತುಕೊಂಡು, ಬೈದು ಹೊಡೆದು ಹದ್ದುಬಸ್ತಿನಲ್ಲಿಡುತ್ತಾನೆ.

ಇನ್ನೊಂದು ಕೋಣೆಯಲ್ಲಿ ಇಬ್ಬರು ಬ್ರಹ್ಮಚಾರಿ ಗುಮಾಸ್ತರು. ಕಡತ, ಬಡ್ತಿ, ಮೇಲಧಿಕಾರಿಯ ಮರ್ಜಿ ಇವಿಷ್ಟೇ ಅವರ ದಿನಚರಿ. ಜಾವಡೇಕರನ ಮನಸ್ಸು ಕಚೇರಿಯ ನಲಾವಡೆಬಾಯಿಯ ಮೇಲೆ. ಆಕೆ ರಂಗದ ಮೇಲೆ ಬರುವುದೇ ಇಲ್ಲ. ಬರ್ವೆಯ ಊದುಬತ್ತಿಯ ಹೊಗೆ ಮತ್ತು ಹಾಡಿನ ನಡುವೆ ಎರಡು ಕನಸುಗಳು ಒಂದಕ್ಕೊಂದು ತಾಗುತ್ತವೆ. ಜಾವಡೇಕರ ಬರ್ವೆಯಲ್ಲಿ ನಲಾವಡೆಬಾಯಿಯನ್ನು ಕಾಣುತ್ತಾನೆ. ಬರ್ವೆ ತಾನು ಎಂದೂ ಆಡದ ನಾಯಕಿಯ ಪಾತ್ರವನ್ನು ಅವನ ಕಣ್ಣಲ್ಲಿ ಕಾಣುತ್ತಾನೆ. ಬಾವಡೇಕರನೂ ಆಟಕ್ಕೆ ಕೈಜೋಡಿಸುತ್ತಾನೆ. ಮದುವೆಯಾಗುತ್ತದೆ, ಬಸುರಿನ ಸಂಭ್ರಮವೂ ನಡೆಯುತ್ತದೆ. ಬಯಕೆ ಎಂಬ ಕನ್ನಡ ಮಾತಿಗಿರುವ ಎರಡು ಅರ್ಥಗಳು, ಮನದಾಸೆ ಮತ್ತು ಬಸುರಿಯ ಆಸೆ, ಈ ದೃಶ್ಯದಲ್ಲಿ ಒಂದೇ ಆಗಿಬಿಡುತ್ತವೆ. ಕೊನೆಗೆ ಶ್ಯಾಮರಾವ್ ನುಗ್ಗಿ ಕನಸನ್ನು ಒಡೆಯುತ್ತಾನೆ.

ವಸ್ತು ಮತ್ತು ತಂತ್ರ

ಇಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರನ್ನು ಬಳಸಿಕೊಳ್ಳುತ್ತಾರೆ, ಆದರೆ ಬಳಕೆಯ ಬಗೆ ಒಂದೇ ಅಲ್ಲ. ಶ್ಯಾಮರಾವನ ಬಳಕೆ ಬರಿಯ ಸುಲಿಗೆ. ಅವನಿಗೆ ಬರ್ವೆಯ ದುಡ್ಡು ಬೇಕು, ಒಳಗಿನ ನಾಯಕಿ ಬೇಡ. ಜಾವಡೇಕರನಿಗೆ ಹೆಣ್ಣಿನ ರೂಪ ಬೇಕು, ಅದರೊಳಗಿನ ಬರ್ವೆ ಬೇಡ. ಆದರೂ ಬರ್ವೆಯ ಪಾಲಿಗೆ ಸುಖ ಸಿಗುವುದು ಎರಡನೆಯ ಮೋಸದಲ್ಲೇ, ಏಕೆಂದರೆ ತನ್ನನ್ನು ನಾಯಕಿಯೆಂದು ನಂಬುವ ಒಬ್ಬ ಪ್ರೇಕ್ಷಕ ಅವನಿಗೆ ಕೊನೆಗೂ ದೊರೆಯುತ್ತಾನೆ. ನಲಾವಡೆಬಾಯಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವಳಿಲ್ಲದೆಯೇ ಅವಳ ಮದುವೆ ಮುಗಿಯುತ್ತದೆ.

ಇದಕ್ಕೆಲ್ಲ ಸೇತುವೆ ಹಾಡು. ಹೊಸ ಗೀತೆಗಳನ್ನು ಬರೆಸದೆ, ಆಳೇಕರರು ಹಳೆಯ ನಾಟ್ಯಗೀತೆಗಳನ್ನೇ ಹೊಸ ಸಂದರ್ಭಗಳಲ್ಲಿ ಕೂರಿಸಿದರು. ದೇವಲೋಕದ, ಅರಮನೆಯ ಪ್ರೇಮಕ್ಕೆಂದು ಹುಟ್ಟಿದ ಸಾಲುಗಳು ಗುಮಾಸ್ತರ ಕೋಣೆಯಲ್ಲಿ ಕೇಳಿಸಿದಾಗ ನಗುವೂ ಬರುತ್ತದೆ, ಗಂಟಲೂ ಕಟ್ಟುತ್ತದೆ. ವಾಸ್ತವದಿಂದ ಕನಸಿಗೆ ದಾಟುವ ಹೊಸ್ತಿಲನ್ನು ನಾಟಕ ಎಲ್ಲಿಯೂ ಗುರುತಿಸುವುದಿಲ್ಲ. ಹಾಡು ಶುರುವಾದಾಗ ಪ್ರೇಕ್ಷಕನೂ ಅರಿವಿಲ್ಲದೆ ಆಚೆ ದಾಟಿರುತ್ತಾನೆ.

ಪ್ರಯೋಗಗಳು

ಮೂಲ ಪ್ರಯೋಗದಲ್ಲಿ ಬರ್ವೆಯಾಗಿ ಹಾಡಿ ನಟಿಸಿದವರು ಚಂದ್ರಕಾಂತ ಕಾಳೆ. ಹಿಂದಿಯಲ್ಲಿ ಅಮಲ್ ಅಲ್ಲಾನಾ ನಿರ್ದೇಶಿಸಿದ ಪ್ರಯೋಗದಲ್ಲಿ ಮನೋಹರ್ ಸಿಂಗ್ ಬರ್ವೆಯಾದರು. ಶಾಂತಾ ಗೋಖಲೆ ನಾಟಕವನ್ನು ಇಂಗ್ಲಿಷಿಗೆ ಅನುವಾದಿಸಿದ್ದಾರೆ. ಯಕ್ಷಗಾನದ ಸ್ತ್ರೀವೇಷವನ್ನೂ ವೃತ್ತಿ ಕಂಪನಿಗಳ ಹೆಣ್ಣುಪಾತ್ರಧಾರಿಗಳನ್ನೂ ಬಲ್ಲ ಕನ್ನಡ ಪ್ರೇಕ್ಷಕರಿಗೆ ಬರ್ವೆ ಅಪರಿಚಿತನಲ್ಲ.

ಹೋಲಿಕೆ

ಒಮ್ಮುಖ ಪ್ರೀತಿ ಮತ್ತು ಬದಲಿ ಸಂಗಾತಿಯ ಈ ವಸ್ತು ಬೇರೆಡೆಯೂ ಮತ್ತೆ ಮತ್ತೆ ಬಂದಿದೆ. ಇತ್ತೀಚಿನ ಉದಾಹರಣೆ ಮೆಂಗೊ ಯೊಕೊಯಾರಿಯವರ ಜಪಾನಿ ಚಿತ್ರಕಥೆ 'ಕುಜು ನೊ ಹೊಂಕೈ'. 2017ರಲ್ಲಿ ಇದು 12 ಕಂತುಗಳ ಅನಿಮೆಯಾಯಿತು. ಅದರಲ್ಲಿ ಹನಾಬಿ ಮತ್ತು ಮುಗಿ ಎಂಬ ಹದಿಹರೆಯದವರಿಬ್ಬರೂ ತಂತಮ್ಮ ಶಿಕ್ಷಕರನ್ನು ಪ್ರೀತಿಸುತ್ತಾರೆ. ಅವರು ದಕ್ಕಲಾರರೆಂದು ಬಲ್ಲ ಇಬ್ಬರೂ ಒಬ್ಬರಿಗೊಬ್ಬರು ಬದಲಿಯಾಗಲು ಕರಾರು ಮಾಡಿಕೊಳ್ಳುತ್ತಾರೆ. ಅಲ್ಲಿ ಬಳಕೆ ಕಣ್ತೆರೆದು ಆಡಿದ ಆಟ, ಆದ್ದರಿಂದಲೇ ಕೊನೆಗೆ ಇಬ್ಬರೂ ಅದರಿಂದ ಎದ್ದು ಬೇರೆ ಬೇರೆ ದಾರಿ ಹಿಡಿಯಬಲ್ಲರು. ಬರ್ವೆಗೆ ಕರಾರೂ ಇಲ್ಲ, ಬಿಡುಗಡೆಯೂ ಇಲ್ಲ. ಕನಸು ಮುಗಿದ ಮೇಲೆ ಅವನ ಪಾಲಿಗೆ ಉಳಿಯುವುದು ಶ್ಯಾಮರಾವನ ಆಸರೆ ಮತ್ತು ನಾಳೆ ಮಾರಬೇಕಾದ ಊದುಬತ್ತಿ.