ದೇವನಹಳ್ಳಿ–ಪುಟ್ಟಪರ್ತಿ ವಾಯುದೂರ ಮತ್ತು ಹಾರಾಟದ ಅವಧಿ

ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಆಂಧ್ರಪ್ರದೇಶದ ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ವಿಮಾನ ನಿಲ್ದಾಣಕ್ಕೆ ನೇರ ವಾಯುದೂರ ಸುಮಾರು 105 ಕಿ.ಮೀ., ಅಂದರೆ 57 ನಾಟಿಕಲ್ ಮೈಲಿ. ಈ ಗೆರೆಯ ಅರ್ಧಕ್ಕಿಂತ ಹೆಚ್ಚು ಭಾಗ ಚಿಕ್ಕಬಳ್ಳಾಪುರ ಜಿಲ್ಲೆಯ ಮೇಲೆಯೇ ಹಾಯುತ್ತದೆ. ಸತ್ಯಸಾಯಿ ಟ್ರಸ್ಟಿನ ಖಾಸಗಿ ನಿಲ್ದಾಣವಾದ ಪುಟ್ಟಪರ್ತಿಯದು 1990ರಲ್ಲಿ ಆರಂಭವಾಯಿತು. ದೇವನಹಳ್ಳಿಯದು 2008ರ ಮೇ ತಿಂಗಳಲ್ಲಿ.

ದೇವನಹಳ್ಳಿ ನಿಲ್ದಾಣ 13.20 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಪುಟ್ಟಪರ್ತಿಯದು 14.15 ಡಿಗ್ರಿಯಲ್ಲಿ. ರೇಖಾಂಶದಲ್ಲಿ ವ್ಯತ್ಯಾಸ ಡಿಗ್ರಿಯ ಹತ್ತನೇ ಒಂದು ಭಾಗವೂ ಇಲ್ಲ. ಈ ಸೀಮೆಯಲ್ಲಿ ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 110.6 ಕಿ.ಮೀ. ಆದ್ದರಿಂದ ಉತ್ತರ–ದಕ್ಷಿಣದ ಅಂತರವೇ ಹೆಚ್ಚುಕಡಿಮೆ ಇಡೀ ದೂರವಾಗುತ್ತದೆ.

ನಕಾಶೆಯ ಮೇಲೆ ಎಳೆದರೆ ಈ ಗೆರೆ ಚಿಕ್ಕಬಳ್ಳಾಪುರ ಪಟ್ಟಣದ ನೆತ್ತಿಯ ಮೇಲೆಯೇ ಹೋಗುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟವೂ ಸ್ಕಂದಗಿರಿಯೂ ಪಶ್ಚಿಮಕ್ಕೆ ನಾಲ್ಕೈದು ಕಿ.ಮೀ. ಸರಿದಿವೆ. ಮುಂದೆ ಗುಡಿಬಂಡೆ ಎಡಕ್ಕೆ, ಬಾಗೇಪಲ್ಲಿ ಬಲಕ್ಕೆ. ಶಿಡ್ಲಘಟ್ಟ ಗೆರೆಯಿಂದ ಪೂರ್ವಕ್ಕೆ ಸುಮಾರು 15 ಕಿ.ಮೀ., ಚಿಂತಾಮಣಿ 36. ಗೌರಿಬಿದನೂರು ಪಶ್ಚಿಮಕ್ಕೆ 24 ಕಿ.ಮೀ. ಚಿಕ್ಕಬಳ್ಳಾಪುರದ ಬೆಟ್ಟಸಾಲಿನಲ್ಲಿ ಹುಟ್ಟುವ ಚಿತ್ರಾವತಿ ನದಿಯೂ ಬಾಗೇಪಲ್ಲಿ ದಾಟಿ ಪುಟ್ಟಪರ್ತಿಯತ್ತಲೇ ಹರಿಯುವುದು ಗಮನಾರ್ಹ. ನೆಲದ ಇಳಿಜಾರು ಉತ್ತರಕ್ಕಿದೆ. ದೇವನಹಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದ್ದರೆ ಪುಟ್ಟಪರ್ತಿಯದು ಅದಕ್ಕಿಂತ ಬಹಳ ತಗ್ಗಿನಲ್ಲಿದೆ.

ಹಾರಾಟದ ಅವಧಿಯನ್ನು ದೂರವೊಂದರಿಂದಲೇ ಲೆಕ್ಕ ಹಾಕಿದರೆ ತಪ್ಪು ಉತ್ತರ ಬರುತ್ತದೆ. ಗಂಟೆಗೆ 800 ಕಿ.ಮೀ. ವೇಗ ಹಿಡಿದರೆ 105 ಕಿ.ಮೀ.ಗೆ ಎಂಟು ನಿಮಿಷ ಸಾಕು. ಆದರೆ ಜೆಟ್ ವಿಮಾನ ಆ ವೇಗ ಮುಟ್ಟುವುದು ಹತ್ತು ಸಾವಿರ ಮೀಟರ್ ಸುಮಾರಿಗೆ ಏರಿದ ಮೇಲೆ. ಇಲ್ಲಿ ಅಷ್ಟು ಏರುವ ಮೊದಲೇ ಇಳಿಯಲು ತೊಡಗಬೇಕು. ಕೆಳಮಟ್ಟದಲ್ಲಿ ವೇಗಕ್ಕೆ ಮಿತಿಯೂ ಇದೆ. ದೇವನಹಳ್ಳಿಯ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿರುವುದರಿಂದ ಉತ್ತರಕ್ಕೆ ಹೊರಟ ವಿಮಾನ ಮೇಲೇರಿ ತಿರುಗಿಕೊಳ್ಳಬೇಕಾಗುತ್ತದೆ. ಇವೆಲ್ಲ ಸೇರಿದರೆ ಗಾಳಿಯಲ್ಲಿ ಕಳೆಯುವ ಕಾಲವನ್ನು 20ರಿಂದ 30 ನಿಮಿಷ ಎಂದು ಅಂದಾಜಿಸುವುದು ಸರಿ. ಗಂಟೆಗೆ 450 ಕಿ.ಮೀ. ವೇಗದ ಸಣ್ಣ ಟರ್ಬೊಪ್ರಾಪ್ ವಿಮಾನಕ್ಕೂ ಇಷ್ಟೇ ಹೊತ್ತು ಹಿಡಿದೀತು: ಇಂಥ ಕಿರುದೂರದಲ್ಲಿ ವಿಮಾನದ ವೇಗಕ್ಕಿಂತ ಏರುವ, ತಿರುಗುವ, ಇಳಿಯುವ ಕೆಲಸಗಳೇ ಕಾಲವನ್ನು ನಿರ್ಧರಿಸುತ್ತವೆ.

ಪ್ರಯಾಣಿಕನಿಗೆ ಈ ಲೆಕ್ಕ ಇನ್ನೂ ಹಿಗ್ಗುತ್ತದೆ. ಒಂದೆರಡು ಗಂಟೆ ಮುಂಚೆ ನಿಲ್ದಾಣ ತಲುಪಿ ತಪಾಸಣೆ ಮುಗಿಸುವ ಹೊತ್ತಿಗೆ ರಸ್ತೆಯಲ್ಲಿ ಹೊರಟವನು ಪುಟ್ಟಪರ್ತಿಯ ಹತ್ತಿರ ಇರುತ್ತಾನೆ. ರಾಷ್ಟ್ರೀಯ ಹೆದ್ದಾರಿ 44 ವಾಯುಗೆರೆಯ ಬದಿಯಲ್ಲೇ ಚಿಕ್ಕಬಳ್ಳಾಪುರ, ಪೇರೇಸಂದ್ರ, ಬಾಗೇಪಲ್ಲಿಗಳ ಮೂಲಕ ಸಾಗುತ್ತದೆ. ಕೊಡಿಕೊಂಡದ ಬಳಿ ಅದನ್ನು ಬಿಟ್ಟು ಪುಟ್ಟಪರ್ತಿ ದಾರಿ ಹಿಡಿಯಬೇಕು. ಒಟ್ಟು ಸುಮಾರು 120 ಕಿ.ಮೀ., ಕಾರಿನಲ್ಲಿ ಎರಡು ಗಂಟೆಯ ಹಾದಿ. ಪುಟ್ಟಪರ್ತಿ ನಿಲ್ದಾಣವನ್ನು ಹೆಚ್ಚಾಗಿ ಬಳಸುವುದು ಖಾಸಗಿ ಮತ್ತು ಗಣ್ಯರ ವಿಮಾನಗಳು.

ಗೌರಿಬಿದನೂರಿನವರಿಗೆ ರೈಲೂ ಇದೆ. ಯಲಹಂಕದಿಂದ ಬರುವ ಮಾರ್ಗ ಗೌರಿಬಿದನೂರು, ಹಿಂದೂಪುರ, ಪೆನುಕೊಂಡಗಳನ್ನು ದಾಟಿ ಪುಟ್ಟಪರ್ತಿಯ ರೈಲು ನಿಲ್ದಾಣವಾದ ಶ್ರೀ ಸತ್ಯಸಾಯಿ ಪ್ರಶಾಂತಿ ನಿಲಯಂ ತಲುಪುತ್ತದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ರೈಲುಮಾರ್ಗ ಕೋಲಾರದ ಕಡೆಗೆ ತಿರುಗುವುದರಿಂದ ಅಲ್ಲಿನವರಿಗೆ ಪುಟ್ಟಪರ್ತಿಗೆ ರಸ್ತೆಯೇ ಹತ್ತಿರ.